ಹಳೇ ಮನೆ, ಹೊಸ ಕಕ್ಕಸು: ಜೋಸೆಫ್ ಬ್ರಾಮಾ ಎಂಬ ಬಡಗಿಯ ಕಥೆ

ಪ್ಯಾಸ್ಕಲ್ ನಿಯಮ ಅಂದ ತಕ್ಷಣ ನಮಗೆಲ್ಲ ಒಂದು ಚಿತ್ರ ನೆನಪಿಗೆ ಬರುತ್ತದೆ. ಒಂದು ಸಣ್ಣ ಸಿಲಿಂಡರ್, ಒಂದು ದೊಡ್ಡ ಸಿಲಿಂಡರ್, ಎರಡಕ್ಕೂ ನಡುವೆ ಒಂದು ಪೈಪು. ಸಣ್ಣದನ್ನು ಒತ್ತಿದರೆ ದೊಡ್ಡದು ಮೇಲೇಳುತ್ತದೆ. ಪಿಯುಸಿಯಲ್ಲಿ ಈ ಚಿತ್ರ ಬರೆದಿದ್ದೇವೆ, ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಮತ್ತೊಮ್ಮೆ ಬರೆದಿದ್ದೇವೆ. ಹಳೇ ಪುಸ್ತಕಗಳಲ್ಲಿ ಇದರ ಹೆಸರು ಬ್ರಾಮಾ ಪ್ರೆಸ್. ಆದರೆ ಆ ಬ್ರಾಮಾ ಯಾರು ಅಂತ ಕೇಳಿದವರು ನಮ್ಮಲ್ಲಿ ಕಡಿಮೆ. ಯಾರೋ ದೊಡ್ಡ ವಿಜ್ಞಾನಿ ಇರಬೇಕು, ಯಾವುದೋ ವಿಶ್ವವಿದ್ಯಾಲಯದ ಪ್ರೊಫೆಸರ್ ಇರಬೇಕು ಅಂದುಕೊಂಡು ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ.

ನಿಜ ಏನೆಂದರೆ ಬ್ರಾಮಾ ಒಬ್ಬ ಬಡಗಿ. ಲಂಡನ್ನಿನ ಹಳೇ ಮನೆಗಳಲ್ಲಿ ಹೊಸ ಕಕ್ಕಸು ಕೂರಿಸುವ ಕೆಲಸ ಮಾಡುತ್ತಿದ್ದವನು. ಅವನ ಹೆಸರಿನ ಮೊದಲ ಪೇಟೆಂಟ್ ಪ್ರೆಸ್ಸಿಗೆ ಬಂದಿದ್ದಲ್ಲ, ಕಕ್ಕಸಿಗೆ ಬಂದಿದ್ದು. ಪ್ರೆಸ್ ಬಂದಿದ್ದು ಅದಾಗಿ ಹದಿನೇಳು ವರ್ಷದ ಮೇಲೆ. ಈ ಎರಡರ ನಡುವೆ ಒಂದು ಸಂಬಂಧ ಇದೆ ಅಂತ ನಮಗೆ ಅನ್ನಿಸುತ್ತದೆ. ಡ್ರಾಯಿಂಗ್ ಶೀಟಿನಲ್ಲಿ ಕಾಣದ ತಪ್ಪು, ಅದನ್ನು ಒಯ್ದು ಮನೆಯಲ್ಲಿ ಕೂರಿಸುವ ಕೈಗೆ ಕಾಣುತ್ತದೆ. ಬ್ರಾಮಾನ ಬದುಕಿನ ಗೆಲುವು ಅಲ್ಲಿಂದಲೇ ಶುರುವಾಯಿತು. ಅವನು ಎಡವಿದ್ದೂ ಅದನ್ನು ಮರೆತ ಕಡೆಯಲ್ಲೇ.

ಕಾಲು ಕೊಟ್ಟ ತಿರುವು

ಜೋಸೆಫ್ ಬ್ರಾಮಾ ಹುಟ್ಟಿದ್ದು 1748ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯದ ಬಾರ್ನ್‌ಸ್ಲಿ ಪಟ್ಟಣದ ಹತ್ತಿರ ಸ್ಟೇನ್‌ಬರೋ ಅನ್ನುವ ಹಳ್ಳಿಯಲ್ಲಿ. ಅಪ್ಪ ರೈತ. ಮನೆತುಂಬ ಮಕ್ಕಳು. ಜೋಸೆಫ್ ಕೂಡ ಹೊಲದ ಕೆಲಸಕ್ಕೇ ಅಂತ ಎಲ್ಲರೂ ಅಂದುಕೊಂಡಿದ್ದರು. ಹದಿನಾರರ ಆಸುಪಾಸಿನಲ್ಲಿ ಅವನ ಕಾಲಿಗೆ ಪೆಟ್ಟಾಯಿತು. ಕುಂಟು ಹಾಗೇ ಉಳಿಯಿತು. ನೇಗಿಲ ಹಿಂದೆ ದಿನವಿಡೀ ನಡೆಯುವುದು ಇನ್ನು ಆಗದ ಮಾತು. ಹಾಗಾಗಿ ಅಪ್ಪ ಅವನನ್ನು ಊರಿನ ಬಡಗಿಯ ಹತ್ತಿರ ಕೆಲಸ ಕಲಿಯಲು ಬಿಟ್ಟ.

ಇದು ಶಿಕ್ಷೆ ಅಂತ ಹುಡುಗನಿಗೆ ಅನ್ನಿಸಿರಲಾರದು. ಅವನಿಗೆ ಮೊದಲೇ ಮರ ಕೆತ್ತುವ ಹುಚ್ಚು. ಊರಿನ ಕಮ್ಮಾರನ ಸ್ನೇಹ ಮಾಡಿಕೊಂಡು, ಹಳೇ ಅರ, ಸವೆದ ಕ್ಷೌರದ ಕತ್ತಿ ಇಂಥವನ್ನೆಲ್ಲ ಉಳಿ ಮಾಡಿಸಿಕೊಂಡು, ಮರದ ದಿಮ್ಮಿಯಿಂದ ಪಿಟೀಲು, ಚೆಲ್ಲೋ ಕೆತ್ತಿದ್ದ ಅಂತ ಅವನ ಜೀವನ ಚರಿತ್ರೆ ಬರೆದವರು ಹೇಳುತ್ತಾರೆ. ಈ ಕಮ್ಮಾರನ ವಿಷಯ ನಮಗೆ ಮುಖ್ಯ ಅನ್ನಿಸುತ್ತದೆ. ಮರದವನಿಗೆ ಲೋಹದವನ ಸ್ನೇಹ ಇತ್ತು. ಮುಂದೆ ಇವನು ಮಾಡಿದ್ದೆಲ್ಲ ಈ ಎರಡು ಕಸುಬು ಸೇರುವ ಜಾಗದಲ್ಲೇ.

ಕಲಿಕೆ ಮುಗಿದ ಮೇಲೆ ಲಂಡನ್ನಿಗೆ ಹೊರಟ. ಗಾಡಿಗೆ ಕೊಡಲು ದುಡ್ಡಿಲ್ಲ, ನಡೆದೇ ಹೋದ. ದೂರ ಸುಮಾರು 270 ಕಿಲೋಮೀಟರ್. ಬೆಂಗಳೂರಿನಿಂದ ದಾವಣಗೆರೆಗೆ ಕುಂಟು ಕಾಲಲ್ಲಿ ನಡೆದ ಹಾಗೆ ಅಂದುಕೊಳ್ಳಿ. ಲಂಡನ್ನಿನಲ್ಲಿ ಪೀಠೋಪಕರಣ ಮಾಡುವ ಒಬ್ಬನ ಹತ್ತಿರ ಕೆಲಸ ಸಿಕ್ಕಿತು.

ಬಡಗಿಗೂ ಕಕ್ಕಸಿಗೂ ಏನು ಸಂಬಂಧ?

ಇವತ್ತು ಕಮೋಡ್ ಅಂದರೆ ಪಿಂಗಾಣಿ. ಪ್ಲಂಬರ್ ಬರುತ್ತಾನೆ, ಬಿಳಿ ಸಿಮೆಂಟ್ ಹಾಕುತ್ತಾನೆ, ಕೂರಿಸಿ ಹೋಗುತ್ತಾನೆ. 1770ರ ದಶಕದ ಲಂಡನ್ನಿನಲ್ಲಿ ಹೀಗಿರಲಿಲ್ಲ. ಒಳಗಿನ ಬೋಗುಣಿ, ವಾಲ್ವು, ಸೀಸದ ಪೈಪು ಎಲ್ಲವನ್ನೂ ಒಂದು ಮರದ ಪೆಟ್ಟಿಗೆಯೊಳಗೆ ಮುಚ್ಚಿಡುತ್ತಿದ್ದರು. ಹೊರಗಿನಿಂದ ನೋಡಿದರೆ ಒಳ್ಳೇ ಮರದ ಬೆಂಚು. ಹಾಗಾಗಿ ಸೀಸದ ಕೆಲಸದವನ ಜೊತೆಗೆ ಬಡಗಿಯೂ ಬೇಕಾಗುತ್ತಿದ್ದ. ಬ್ರಾಮಾ ಈ ದಾರಿಯಿಂದಲೇ ಕಕ್ಕಸಿನ ಕೆಲಸಕ್ಕೆ ಬಂದ.

ನೀರು ಬಿಟ್ಟು ತೊಳೆಯುವ ಕಕ್ಕಸು ಆಗ ಹೊಸ ವಿಚಾರವೇನಲ್ಲ. 1596ರಲ್ಲೇ ಸರ್ ಜಾನ್ ಹ್ಯಾರಿಂಗ್ಟನ್ ಅನ್ನುವವನು ಅಂಥದ್ದೊಂದರ ಬಗ್ಗೆ ಪುಸ್ತಕ ಬರೆದಿದ್ದ. ಅವನು ರಾಣಿ ಮೊದಲನೇ ಎಲಿಜಬೆತ್‌ಳ ಧರ್ಮಪುತ್ರ. ಬಾತ್ ಪಟ್ಟಣದ ಹತ್ತಿರದ ತನ್ನ ಮನೆಯಲ್ಲಿ ಅದನ್ನು ಕೂರಿಸಿಯೂ ಇದ್ದ. ಆದರೆ ಅದು ಹರಡಲಿಲ್ಲ. ಮನೆಗೆ ನೀರು ಬರುವ ವ್ಯವಸ್ಥೆಯೇ ಇಲ್ಲದಿದ್ದರೆ ಫ್ಲಶ್ ಎಲ್ಲಿಂದ ಆಗಬೇಕು?

ಬ್ರಾಮಾ ಬರುವ ಹೊತ್ತಿಗೆ ಲಂಡನ್ನಿನ ಅನುಕೂಲಸ್ಥರ ಮನೆಗಳಿಗೆ ನೀರು ಬರುತ್ತಿತ್ತು. 1613ರಲ್ಲಿ ಶುರುವಾದ ನ್ಯೂ ರಿವರ್ ಕಾಲುವೆಯಂಥ ವ್ಯವಸ್ಥೆಗಳಿದ್ದವು. ಬೀದಿಯಡಿಯಲ್ಲಿ ಪೈಪು ಅಂದರೆ ನಡುವೆ ತೂತು ಕೊರೆದ ಎಲ್ಮ್ ಮರದ ಕಾಂಡ. ಅದರಲ್ಲಿ ದಿನವಿಡೀ ನೀರು ಬರುತ್ತಿರಲಿಲ್ಲ. ವಾರದಲ್ಲಿ ಕೆಲವು ದಿನ, ದಿನದಲ್ಲಿ ಕೆಲವು ಗಂಟೆ, ಅದೂ ಸಣ್ಣ ಪ್ರೆಶರಿನಲ್ಲಿ. ದಿನ ಬಿಟ್ಟು ದಿನ ನೀರು ಬಿಡುವ ಬಡಾವಣೆಯಲ್ಲಿ ಪಿಜಿ ಮಾಡಿಕೊಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಬಂದಾಗ ತುಂಬಿಟ್ಟುಕೊಳ್ಳಲು ಮನೆಯಲ್ಲಿ ಒಂದು ತೊಟ್ಟಿ ಬೇಕು. ಕಕ್ಕಸಿಗೆ ನೀರು ಆ ತೊಟ್ಟಿಯಿಂದ.

ಇನ್ನು ಕೆಳಗಿನ ತುದಿ. ಮನೆಯ ನೆಲಮಾಳಿಗೆಯಲ್ಲೋ ಹಿತ್ತಲಲ್ಲೋ ಇಟ್ಟಿಗೆ ಕಟ್ಟಿದ ಒಂದು ಗುಂಡಿ. ಮನೆಯ ಹೊಲಸೆಲ್ಲ ಅದಕ್ಕೆ. ತುಂಬಿದಾಗ ರಾತ್ರಿ ಹೊತ್ತು ಕೆಲಸದವರು ಬಂದು ಬಕೆಟ್ಟಿನಲ್ಲಿ ಎತ್ತಿ ಗಾಡಿಗೆ ತುಂಬಿ ಊರ ಹೊರಗೆ ಒಯ್ಯುತ್ತಿದ್ದರು. ಬೀದಿಯಲ್ಲಿ ಚರಂಡಿ ಇತ್ತು, ಆದರೆ ಅದು ಮಳೆ ನೀರಿಗೆ. ಮನೆಯ ಕಕ್ಕಸನ್ನು ಅದಕ್ಕೆ ಜೋಡಿಸುವಂತಿರಲಿಲ್ಲ.

ಅಂದರೆ ಮನೆ ಹಳೆಯದು, ಗುಂಡಿ ಹಳೆಯದು, ನೀರು ನೆಚ್ಚುವ ಹಾಗಿಲ್ಲ. ಇದರ ಮಧ್ಯೆ ಒಂದು ಹೊಸ ಯಂತ್ರವನ್ನು ತಂದು ಕೂರಿಸಬೇಕು.

ಕೂರಿಸುವ ಕೆಲಸ

ಈ ಕೆಲಸ ಎಂಥದ್ದು ಅಂತ ಸ್ವಲ್ಪ ಯೋಚಿಸಿ. ಹಳೇ ಮನೆ ಕಟ್ಟಿದವನು ಕಕ್ಕಸಿಗೆ ಅಂತ ಜಾಗ ಬಿಟ್ಟಿಲ್ಲ. ಮೆಟ್ಟಿಲ ಸಂದಿಯಲ್ಲೋ, ಮಲಗುವ ಕೋಣೆಯ ಪಕ್ಕದ ಗಾಳಿ ಬೆಳಕಿಲ್ಲದ ಮೂಲೆಯಲ್ಲೋ ಜಾಗ ಹುಡುಕಬೇಕು. ನೆಲದ ಹಲಗೆ ಎಬ್ಬಿಸಿದರೆ ಕೆಳಗೆ ತೊಲೆ. ಪೈಪು ಇಳಿಸಬೇಕೆಂದರೆ ತೊಲೆ ಅಡ್ಡ ಬರುತ್ತದೆ. ತೊಲೆ ಕಡಿದರೆ ನೆಲ ಕುಸಿಯುತ್ತದೆ, ಪೈಪು ಸುತ್ತಿಸಿದರೆ ಇಳಿಜಾರು ಸಾಲದೆ ಕಟ್ಟಿಕೊಳ್ಳುತ್ತದೆ. ನೂರು ವರ್ಷದ ನೆಲ ಮಟ್ಟಸವಾಗಿರುವುದೂ ಇಲ್ಲ. ಬೋಗುಣಿ ಒಂದು ಕಡೆ ವಾಲಿದರೆ ನೀರು ಒಂದು ಕಡೆ ನಿಲ್ಲುತ್ತದೆ. ಸೀಸದ ಪೈಪಿನ ಒಂದೊಂದು ಜಾಯಿಂಟನ್ನೂ ಕೈಯಲ್ಲೇ ಬೆಸೆಯಬೇಕು. ಎಲ್ಲಾ ಮುಗಿದ ಮೇಲೆ ಒಂದೇ ಒಂದು ಜಾಯಿಂಟು ಸೋರಿದರೂ ಸಾಕು, ಕೆಳಗಿನ ಕೋಣೆಯ ಸೂರು ಹೇಳುತ್ತದೆ.

ಇವತ್ತಿಗೂ ಹಳೇ ಮನೆಯಲ್ಲಿ ಹೊಸ ಕಮೋಡ್ ಹಾಕಿಸಿದವರಿಗೆ ಈ ಕಷ್ಟ ಗೊತ್ತು. ಗೋಡೆಯಿಂದ ಪೈಪಿಗೆ ಇರುವ ಅಳತೆ ಹೊಸ ಕಮೋಡಿಗೆ ಹೊಂದುವುದಿಲ್ಲ. ಎಸ್ ಟ್ರ್ಯಾಪ್ ಇರುವ ಕಡೆಗೆ ಪಿ ಟ್ರ್ಯಾಪ್ ತಂದಿರುತ್ತಾರೆ. ಅಂಗಡಿಯಲ್ಲಿ ನೋಡಿದಾಗ ಎಲ್ಲವೂ ಸರಿಯಾಗೇ ಇರುತ್ತದೆ. ತೊಂದರೆ ಶುರುವಾಗುವುದು ಹೊಸದು ಹಳೆಯದನ್ನು ಮುಟ್ಟುವ ಜಾಗದಲ್ಲಿ.

ಆಗ ಹೊಸದಾಗಿ ಬಂದಿದ್ದ ಮಾದರಿ ಅಲೆಕ್ಸಾಂಡರ್ ಕಮಿಂಗ್ಸ್‌ನದು. ಅವನು ಗಡಿಯಾರ ಮಾಡುವವನು. 1775ರಲ್ಲಿ ಪೇಟೆಂಟ್ ಪಡೆದಿದ್ದ. ಅವನದೊಂದು ಅದ್ಭುತ ಯೋಚನೆ ಇತ್ತು: ಬೋಗುಣಿಯ ಕೆಳಗಿನ ಪೈಪನ್ನು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಗ್ಗಿಸುವುದು. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ, ಗುಂಡಿಯ ಗಬ್ಬು ವಾಸನೆ ಮೇಲೆ ಬರದ ಹಾಗೆ ತಡೆಯುತ್ತದೆ. ಇವತ್ತು ನಮ್ಮ ಹಾಸ್ಟೆಲಿನ ಪ್ರತಿ ಕಮೋಡಿನ ಕೆಳಗೂ, ಪ್ರತಿ ಸಿಂಕಿನ ಕೆಳಗೂ ಇರುವುದು ಅದೇ ಉಪಾಯ. ಫ್ಲಶ್ ಟಾಯ್ಲೆಟ್ ಕಂಡುಹಿಡಿದವನು ಥಾಮಸ್ ಕ್ರಾಪರ್ ಅಂತ ಫಾರ್ವರ್ಡ್ ಮೆಸೇಜ್ ಓದಿದವರು ದಯವಿಟ್ಟು ಗಮನಿಸಿ. ಕ್ರಾಪರ್ ಹುಟ್ಟಿದ್ದೇ ಕಮಿಂಗ್ಸ್ ಪೇಟೆಂಟ್ ಪಡೆದು ಆರು ದಶಕದ ಮೇಲೆ.

ಆದರೆ ಕಮಿಂಗ್ಸ್‌ನ ಮಾದರಿಯಲ್ಲಿ ಬೋಗುಣಿಯ ತಳಕ್ಕೆ ಒಂದು ಜಾರುವ ತಟ್ಟೆ ಇತ್ತು. ಹಿಡಿ ಎಳೆದರೆ ತಟ್ಟೆ ಡ್ರಾಯರಿನ ಹಾಗೆ ಪಕ್ಕಕ್ಕೆ ಸರಿಯುತ್ತಿತ್ತು. ಕಾಗದದ ಮೇಲೆ ಇದು ಸರಿ. ಆದರೆ ಬೆಂಕಿ ಕಾಯಿಸದ ಮೂಲೆ ಕೋಣೆಯಲ್ಲಿ, ಲಂಡನ್ನಿನ ಚಳಿಯಲ್ಲಿ, ಅದು ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತಿತ್ತು. ಜಾರುವ ತಟ್ಟೆ ಅಂದರೆ ಅದಕ್ಕೆ ಒಂದು ಗಾಡಿ ಬೇಕು. ಗಾಡಿ ಇದ್ದ ಮೇಲೆ ಅದರಲ್ಲಿ ನೀರೂ ಹೊಲಸೂ ಕೂರುತ್ತವೆ. ಹಿಮ ಕಟ್ಟಿದರೆ ಇಡೀ ಗಾಡಿಯ ಉದ್ದಕ್ಕೂ ಅಂಟಿದ್ದನ್ನು ಒಂದೇ ಸಲ ಎಳೆದು ಬಿಡಿಸಬೇಕು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಪೂರ್ತಿ ಏರಿಯಾದ ಮೇಲೆ ಶಿಯರ್.

ಬ್ರಾಮಾ ಈ ಕಕ್ಕಸುಗಳನ್ನು ತಾನೇ ಮನೆ ಮನೆಗೆ ಒಯ್ದು ಕೂರಿಸುತ್ತಿದ್ದ. ಚಳಿಗಾಲದಲ್ಲಿ ಏನಾಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡ. ಪರಿಹಾರವಾಗಿ ಬಂದಿದ್ದು ಬಡಗಿಗೆ ದಿನಾ ಕೈಗೆ ಸಿಗುವ ವಸ್ತು: ಕೀಲು. ಜಾರುವ ತಟ್ಟೆಯ ಬದಲು ಕೀಲಿನ ಮೇಲೆ ತಿರುಗುವ ಮುಚ್ಚಳ. ಹಿಡಿ ಎಳೆದರೆ ಬೋಗುಣಿಯ ತಳದ ಮುಚ್ಚಳ ಕೆಳಕ್ಕೆ ಬಾಗಿಲ ಹಾಗೆ ತೆರೆದುಕೊಳ್ಳುತ್ತದೆ. ಬಿಟ್ಟರೆ ಮತ್ತೆ ಮೇಲೆ ಬಂದು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಗಾಡಿ ಇಲ್ಲ, ಹಾಗಾಗಿ ಹೊಲಸು ಕೂರಲು ಜಾಗ ಇಲ್ಲ. ಅಂಚಿನಲ್ಲಿ ತೆಳ್ಳಗೆ ಹಿಮ ಕಟ್ಟಿದ್ದರೂ ಒಂದು ಕಡೆಯಿಂದ ಸುಲಿಯುತ್ತಾ ಬಿಟ್ಟುಕೊಳ್ಳುತ್ತದೆ.

1778ರಲ್ಲಿ ಇದಕ್ಕೆ ಬ್ರಾಮಾನ ಹೆಸರಲ್ಲಿ ಪೇಟೆಂಟ್ ಆಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ತಟ್ಟೆಯ ಬದಲು ಕೀಲಿನ ಮುಚ್ಚಳ ಹಾಕಿದ್ದು ಮೊದಲು ಬ್ರಾಮಾನ ಧಣಿ ಆಲನ್ ಅನ್ನುವವನು, ಅದನ್ನು ಪೂರ್ತಿ ರೂಪಕ್ಕೆ ತಂದು ಪೇಟೆಂಟ್ ಮಾಡಿಸಿಕೊಂಡವನು ಬ್ರಾಮಾ ಅಂತ ಒಂದು ಅಭಿಪ್ರಾಯ ಇದೆ. ಹಾಗಿದ್ದರೆ ಯೋಚನೆ ಒಬ್ಬನದು, ಹೆಸರು ಇನ್ನೊಬ್ಬನದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆರು ಸಾವಿರ ಮನೆ

ಬ್ರಾಮಾ ಸೇಂಟ್ ಜೈಲ್ಸ್ ಭಾಗದ ಡೆನ್ಮಾರ್ಕ್ ಸ್ಟ್ರೀಟಿನಲ್ಲಿ ತನ್ನದೇ ಕಾರ್ಖಾನೆ ಹಾಕಿದ. 1783ರಲ್ಲಿ ತನ್ನ ಕಡೆಯ ಊರಿನ ಮೇರಿ ಲಾಟನ್ ಅನ್ನುವವಳನ್ನು ಮದುವೆಯಾದ. ವ್ಯಾಪಾರ ಚೆನ್ನಾಗಿ ಕುದುರಿತು. ನಕಲು ಮಾಡುವವರೂ ಹುಟ್ಟಿಕೊಂಡರು. 1789ರಲ್ಲಿ ಹಾರ್ಡ್‌ಕ್ಯಾಸಲ್ ಅನ್ನುವವನ ಮೇಲೆ ಹೂಡಿದ ಪೇಟೆಂಟ್ ಮೊಕದ್ದಮೆಯಲ್ಲಿ, ಇದರಲ್ಲಿ ಹೊಸದೇನಿಲ್ಲ ಅನ್ನುವ ಕಡೆಗೇ ನ್ಯಾಯಾಧೀಶರ ಒಲವಿತ್ತು. ಆದರೂ ಜೂರಿ ಬ್ರಾಮಾನ ಪರವಾಗಿ ತೀರ್ಪು ಕೊಟ್ಟಿತು.

1797ರ ಹೊತ್ತಿಗೆ ಅವನ ಕಾರ್ಖಾನೆಯಿಂದ ಸುಮಾರು 6,000 ಕಕ್ಕಸು ಹೊರಬಿದ್ದಿದ್ದವು. ಅವನ ಮಾದರಿ ಅವನು ಸತ್ತ ಮೇಲೂ ದಶಕಗಟ್ಟಲೆ ನಡೆಯಿತು. ವಿಕ್ಟೋರಿಯಾ ರಾಣಿಯ ಬೇಸಿಗೆ ಮನೆಯಾಗಿದ್ದ ಆಸ್ಬೋರ್ನ್ ಹೌಸಿನಲ್ಲೂ ಇದೇ ಮಾದರಿ ಕೂರಿಸಿದ್ದರು.

ಬೀಗ, ಮತ್ತು ಹದಿನೆಂಟು ವರ್ಷದ ಹುಡುಗ

ಕಕ್ಕಸಿನ ಮುಚ್ಚಳ ಬಿಗಿಯಾಗಿ ಕೂರಬೇಕಾದರೆ ಲೋಹದ ಭಾಗಗಳು ಒಂದಕ್ಕೊಂದು ಸರಿಯಾಗಿ ಹೊಂದಬೇಕು. ಈ ಹೊಂದಾಣಿಕೆಯ ಹುಚ್ಚು ಬ್ರಾಮಾನನ್ನು ಬೀಗದ ಕಡೆಗೆ ಎಳೆಯಿತು. 1784ರಲ್ಲಿ ಬೀಗಕ್ಕೆ ಪೇಟೆಂಟ್ ಪಡೆದ. ಪಿಕಡಿಲಿ ಬೀದಿಯ 124ನೇ ನಂಬರಿನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ತೂಗುಹಾಕಿ, ಇದನ್ನು ತೆಗೆಯುವ ಸಾಧನ ಮಾಡಿದವರಿಗೆ 200 ಗಿನಿ ಬಹುಮಾನ ಅಂತ ಬೋರ್ಡು ಬರೆಸಿದ. ಬ್ರಾಮಾನ ಜೀವಮಾನದಲ್ಲಿ ಯಾರಿಗೂ ಅದು ಬಗ್ಗಲಿಲ್ಲ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಬಂದ ಆಲ್ಫ್ರೆಡ್ ಹಾಬ್ಸ್ ಅನ್ನುವ ಅಮೆರಿಕದ ಬೀಗದವನು ಅದನ್ನು ತೆಗೆದ. ಅವನಿಗೂ ಹದಿನಾರು ದಿನಗಳಲ್ಲಿ ಹರಡಿಕೊಂಡು 51 ಗಂಟೆ ಬೇಕಾಯಿತು.

ಬೀಗ ಚೆನ್ನಾಗಿತ್ತು, ಆದರೆ ಒಂದೊಂದನ್ನೂ ಕೈಯಲ್ಲಿ ಅರ ಹಾಕಿ ಮಾಡುವುದು ಅಂದರೆ ತಿಂಗಳುಗಟ್ಟಲೆ ಕೆಲಸ, ಕೈ ತುಂಬ ಖರ್ಚು. ಅದನ್ನು ಯಂತ್ರದಲ್ಲಿ ಮಾಡಬಲ್ಲವನು ಬೇಕಿತ್ತು. 1789ರಲ್ಲಿ ವುಲಿಚ್ ಶಸ್ತ್ರಾಗಾರದಿಂದ ಹದಿನೆಂಟು ವರ್ಷದ ಒಬ್ಬ ಹುಡುಗನನ್ನು ಕರೆಸಿಕೊಂಡ. ಹೆಸರು ಹೆನ್ರಿ ಮಾಡ್ಸ್‌ಲಿ. ನಮ್ಮ ಕಾಲೇಜಿನಲ್ಲಾದರೆ ಅವನು ಫಸ್ಟ್ ಇಯರ್. ಬ್ರಾಮಾನ ಬೀಗದ ಭಾಗಗಳನ್ನು ಕರಾರುವಾಕ್ಕಾಗಿ ಮಾಡುವ ಯಂತ್ರಗಳನ್ನು ಕಟ್ಟಿದವನು ಇವನೇ. ಮುಂದೆ ಸ್ಕ್ರೂ ಕಟಿಂಗ್ ಲೇತಿನ ಜೊತೆ ಇವನ ಹೆಸರು ಸೇರಿಕೊಂಡಿತು. ವರ್ಕ್‌ಶಾಪ್ ಲ್ಯಾಬಿನಲ್ಲಿ ನಾವು ಥ್ರೆಡ್ ಕತ್ತರಿಸುವಾಗ ನೆನೆಯಬೇಕಾದ ಹೆಸರು.

ಸೋರುವ ಪ್ರೆಸ್

1795ರಲ್ಲಿ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ತತ್ವ ಪ್ಯಾಸ್ಕಲ್‌ನದು, ನೂರು ವರ್ಷಕ್ಕೂ ಹಳೆಯದು. ಸಣ್ಣ ಪಿಸ್ಟನ್ನಿನ ವ್ಯಾಸ ಒಂದು ಇಂಚು, ದೊಡ್ಡದರ ವ್ಯಾಸ ಹತ್ತು ಇಂಚು ಇದ್ದರೆ, ಏರಿಯಾದ ಲೆಕ್ಕ ಒಂದಕ್ಕೆ ನೂರು. ಇಲ್ಲಿ ಹತ್ತು ಕಿಲೋ ಭಾರ ಹಾಕಿದರೆ ಅಲ್ಲಿ ಸಾವಿರ ಕಿಲೋ ಏಳುತ್ತದೆ. ಪುಸ್ತಕದಲ್ಲಿ ಅಷ್ಟೇ.

ಹಾಗಾದರೆ ಪ್ಯಾಸ್ಕಲ್ ಕಾಲದಲ್ಲೇ ಯಾಕೆ ಇಂಥ ಪ್ರೆಸ್ ಕೆಲಸಕ್ಕೆ ಬರಲಿಲ್ಲ? ಯಾಕೆಂದರೆ ನೀರು ಸೋರುತ್ತದೆ. ಪಿಸ್ಟನ್ ಚಲಿಸಬೇಕಾದರೆ ಸಿಲಿಂಡರ್ ಗೋಡೆಗೂ ಅದಕ್ಕೂ ಸ್ವಲ್ಪ ಸಂದು ಬೇಕು. ಸಂದು ಇದ್ದರೆ ಒತ್ತಡದ ನೀರು ಅಲ್ಲಿಂದಲೇ ಚಿಮ್ಮುತ್ತದೆ. ಸಂದಿಗೆ ನಾರು ತುರುಕಿ ಬಿಗಿ ಮಾಡಿದರೆ ಪಿಸ್ಟನ್ನೇ ಹಿಡಿದುಕೊಳ್ಳುತ್ತದೆ, ಒತ್ತಡ ತೆಗೆದ ಮೇಲೆ ವಾಪಸ್ ಇಳಿಯುವುದಿಲ್ಲ. ಸಡಿಲ ಮಾಡಿದರೆ ಸೋರುತ್ತದೆ, ಬಿಗಿ ಮಾಡಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ನೋಡಿ, ಇದು ಕಕ್ಕಸಿನ ಮುಚ್ಚಳದ್ದೇ ಸಮಸ್ಯೆ. ಬೇಕಾದಾಗ ನೀರು ಹಿಡಿಯಬೇಕು, ಬೇಕಾದಾಗ ಸಲೀಸಾಗಿ ಬಿಡಬೇಕು.

ಇದನ್ನು ಬಿಡಿಸಿದ್ದು ಒಂದು ಚರ್ಮದ ತುಂಡು. ಚರ್ಮವನ್ನು ಬಟ್ಟಲಿನ ಹಾಗೆ ಬಗ್ಗಿಸಿ, ಅದರ ಬಾಯಿ ನೀರಿನ ಕಡೆಗೆ ಇರುವ ಹಾಗೆ ಪಿಸ್ಟನ್ನಿನ ಸುತ್ತ ಕೂರಿಸಿದರು. ಒತ್ತಡ ಏರಿದರೆ ನೀರೇ ಬಟ್ಟಲಿನ ಒಳಕ್ಕೆ ನುಗ್ಗಿ ಚರ್ಮದ ಅಂಚನ್ನು ಹೊರಕ್ಕೆ ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಸೀಲು ಬಿಗಿ. ಒತ್ತಡ ಬಿಟ್ಟರೆ ಚರ್ಮ ಸಡಿಲ, ಪಿಸ್ಟನ್ ಸಲೀಸಾಗಿ ಇಳಿಯುತ್ತದೆ. ಸೈಕಲ್ ಪಂಪ್ ಬಿಚ್ಚಿ ನೋಡಿದವರಿಗೆ ಈ ಚರ್ಮದ ವಾಷರ್ ಗೊತ್ತು. ಊರಿನ ಬೋರ್‌ವೆಲ್ ಕೈಪಂಪಿನ ಒಳಗೂ ಇದರ ಅಣ್ಣತಮ್ಮಂದಿರೇ.

ಈ ಬಟ್ಟಲು ಸೀಲಿನ ಯೋಚನೆ ಯಾರದು? ಮಾಡ್ಸ್‌ಲಿಯ ಹತ್ತಿರ ಕೆಲಸ ಮಾಡಿದ ಜೇಮ್ಸ್ ನಾಸ್ಮಿತ್ ಮುಂತಾದವರ ಪ್ರಕಾರ ಅದು ಮಾಡ್ಸ್‌ಲಿಯದು. ಆದರೆ ಪ್ರೆಸ್ಸಿನ ಹೆಸರು ಬ್ರಾಮಾ ಪ್ರೆಸ್. ಡ್ರಾಯಿಂಗು ಒಬ್ಬನದಾದರೂ, ಅದು ಸೋರುವುದನ್ನು ಕಂಡು ನಿಲ್ಲಿಸಿದವನು ಅದನ್ನು ಕೂರಿಸುತ್ತಿದ್ದ ಹುಡುಗ. ಹಿಂದೆ ಬ್ರಾಮಾ ನಿಂತಿದ್ದ ಜಾಗದಲ್ಲಿ ಈಗ ಮಾಡ್ಸ್‌ಲಿ ನಿಂತಿದ್ದ. ಆಲನ್ ಇದ್ದ ಜಾಗದಲ್ಲಿ ಬ್ರಾಮಾ ಇದ್ದ.

1797ರಲ್ಲಿ ಮಾಡ್ಸ್‌ಲಿ ಸಂಬಳ ಹೆಚ್ಚು ಮಾಡಿ ಅಂತ ಕೇಳಿದ. ಆಗ ಅವನಿಗೆ ವಾರಕ್ಕೆ 30 ಶಿಲಿಂಗ್. ಕಾರ್ಖಾನೆಯ ಮೇಲ್ವಿಚಾರಣೆಯೇ ಅವನ ಕೈಯಲ್ಲಿತ್ತು. ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು. ಬ್ರಾಮಾ ಒಪ್ಪಲಿಲ್ಲ. ಮಾಡ್ಸ್‌ಲಿ ಕೆಲಸ ಬಿಟ್ಟು ಸ್ವಂತ ಕಾರ್ಖಾನೆ ಹಾಕಿದ. ಇಂಗ್ಲೆಂಡಿನ ಮುಂದಿನ ಪೀಳಿಗೆಯ ದೊಡ್ಡ ದೊಡ್ಡ ಮೆಷಿನ್ ಟೂಲ್ ಎಂಜಿನಿಯರುಗಳು ಅಲ್ಲಿ ತಯಾರಾದರು. ಕೆಲವು ಶಿಲಿಂಗ್ ಉಳಿಸಲು ಹೋಗಿ ಬ್ರಾಮಾ ಕಳೆದುಕೊಂಡಿದ್ದು ಎಂಥ ಕೈಯನ್ನು! ಕೂರಿಸುವವನ ಬೆಲೆ ಏನು ಅಂತ ಅವನಿಗೆ ಗೊತ್ತಿರಬೇಕಿತ್ತು. ಅವನು ಬಂದಿದ್ದೇ ಅಲ್ಲಿಂದ.

ಕೊನೆಯ ದಿನಗಳು

ಬ್ರಾಮಾ ಸುಮ್ಮನೆ ಕೂತವನಲ್ಲ. ನೆಲಮಾಳಿಗೆಯ ಪೀಪಾಯಿಯಿಂದ ಮೇಲಕ್ಕೆ ಬಿಯರ್ ಎಳೆಯುವ ಪಂಪು, ಮರ ಹೆರೆಯುವ ಯಂತ್ರ, ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟುಗಳಿಗೆ ನಂಬರ್ ಹಾಕುವ ಯಂತ್ರ. 1778ರಿಂದ 1812ರವರೆಗೆ ಒಟ್ಟು ಹದಿನೆಂಟು ಪೇಟೆಂಟ್. ಕಕ್ಕಸು, ಪಂಪು, ಪ್ರೆಸ್ಸು ಎಲ್ಲದರಲ್ಲೂ ಒಂದೇ ಪ್ರಶ್ನೆ: ದ್ರವವನ್ನು ಬೇಕಾದ ಕಡೆ ಹೇಗೆ ನಿಲ್ಲಿಸುವುದು, ಬೇಕಾದಾಗ ಹೇಗೆ ಬಿಡುವುದು.

1814ರಲ್ಲಿ ಹ್ಯಾಂಪ್‌ಶೈರಿನ ಹೋಲ್ಟ್ ಕಾಡಿನಲ್ಲಿ ತನ್ನ ಪ್ರೆಸ್ಸಿನಿಂದ ಮರಗಳನ್ನು ಬೇರು ಸಮೇತ ಕೀಳುವ ಕೆಲಸ ನಡೆಯುತ್ತಿತ್ತು. ಅರವತ್ತು ದಾಟಿದ್ದ ಬ್ರಾಮಾ ಆಳುಗಳಿಗೆ ಬಿಡದೆ ತಾನೇ ನಿಂತು ನೋಡಿಕೊಳ್ಳುತ್ತಿದ್ದ. ಚಳಿ ಹಿಡಿಯಿತು, ಅದು ನ್ಯುಮೋನಿಯಾಕ್ಕೆ ತಿರುಗಿತು. ಡಿಸೆಂಬರ್ 9ರಂದು ಪಿಮ್ಲಿಕೊದಲ್ಲಿ ತೀರಿಕೊಂಡ. ಪ್ಯಾಡಿಂಗ್ಟನ್ನಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು.

1849ರಲ್ಲಿ ವೇಲ್ಸ್‌ನ ಮೆನಾಯ್ ಜಲಸಂಧಿಯ ಮೇಲೆ ಬ್ರಿಟಾನಿಯಾ ಸೇತುವೆ ಕಟ್ಟುವಾಗ, ಒಂದೊಂದು ಸುಮಾರು 1,500 ಟನ್ ತೂಗುವ ಕಬ್ಬಿಣದ ಕೊಳವೆಗಳನ್ನು ಮೇಲೆತ್ತಿದ್ದು ಇದೇ ತತ್ವದ ಪ್ರೆಸ್ಸುಗಳು. ಒಮ್ಮೆ ಒಂದು ಪ್ರೆಸ್ಸಿನ ಸಿಲಿಂಡರ್ ಒಡೆಯಿತು. ಕೊಳವೆ ಮೇಲೇರಿದ ಹಾಗೆಲ್ಲ ಅದರ ಅಡಿಗೆ ಆಧಾರ ತುಂಬುತ್ತಾ ಬಂದಿದ್ದರಿಂದ ಅದು ಸ್ವಲ್ಪವೇ ಕುಸಿದು ನಿಂತಿತು. ಹಾಗೆ ತುಂಬಿದವರ ಹೆಸರು ಯಾವ ಪ್ರೆಸ್ಸಿಗೂ ಇಲ್ಲ.

ಗುಂಡಿಯ ಕಥೆ

ಇಲ್ಲಿಗೆ ಮುಗಿಸಿದರೆ ಇದು ಒಂದು ಸಾಧಕನ ಕಥೆಯಾಗಿ ಉಳಿಯುತ್ತದೆ. ಆದರೆ ಕಕ್ಕಸಿನ ಪೈಪು ಹೋಗಿ ಬೀಳುವ ಜಾಗವನ್ನು ನಾವಿನ್ನೂ ನೋಡಿಲ್ಲ.

ಹಳೇ ಗುಂಡಿಗಳನ್ನು ಕಟ್ಟಿದ್ದು ಬಕೆಟ್ಟಿನ ಲೆಕ್ಕದಲ್ಲಿ. ನೀರಿನ ಕಕ್ಕಸು ಬಂದ ಮೇಲೆ ಪ್ರತಿ ಸಲ ಹಿಡಿ ಎಳೆದಾಗಲೂ ಬಕೆಟ್ಟುಗಟ್ಟಲೆ ನೀರು ಅದಕ್ಕೆ ಸೇರತೊಡಗಿತು. ಗುಂಡಿ ಬೇಗ ತುಂಬಿತು, ಪಕ್ಕದ ಮಣ್ಣಿಗೆ ಸೋರಿತು. ಬ್ರಾಮಾ ಸತ್ತ ಮರುವರ್ಷ, 1815ರಲ್ಲಿ, ಮನೆಯ ಕಕ್ಕಸನ್ನು ಬೀದಿಯ ಚರಂಡಿಗೆ ಜೋಡಿಸಲು ಅನುಮತಿ ಸಿಕ್ಕಿತು. 1840ರ ದಶಕದ ಕೊನೆಯಲ್ಲಿ ಜೋಡಿಸಲೇಬೇಕು ಅಂತ ಆಯಿತು. ಚರಂಡಿ ಹೋಗಿ ಸೇರುತ್ತಿದ್ದಿದ್ದು ಥೇಮ್ಸ್ ನದಿಗೆ. ಊರಿಗೆ ಕುಡಿಯುವ ನೀರು ಬರುತ್ತಿದ್ದದ್ದೂ ಹೆಚ್ಚಾಗಿ ಅಲ್ಲಿಂದಲೇ.

1854ರಲ್ಲಿ ಬ್ರಾಮಾನ ಹಳೇ ಡೆನ್ಮಾರ್ಕ್ ಸ್ಟ್ರೀಟಿನಿಂದ ನಡೆದು ಹೋಗುವಷ್ಟು ಹತ್ತಿರದ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂತು. 600ಕ್ಕೂ ಹೆಚ್ಚು ಜನ ಸತ್ತರು. ಡಾಕ್ಟರ್ ಜಾನ್ ಸ್ನೋ ಸಾವುಗಳ ಜಾಡು ಹಿಡಿದು ಬೀದಿಯ ಬಾವಿ ಪಂಪಿನ ಕಡೆ ಬೆರಳು ತೋರಿಸಿದ. ಆಮೇಲೆ ಅಗೆದು ನೋಡಿದಾಗ ಸಿಕ್ಕಿದ್ದೇನು? ಪಕ್ಕದ ಮನೆಯ ಹಳೇ ಗುಂಡಿ, ಬಾವಿಯಿಂದ ಮೂರು ಅಡಿಗೂ ಕಡಿಮೆ ದೂರದಲ್ಲಿ. ಅದರ ಇಟ್ಟಿಗೆ ಕಟ್ಟಡ ಶಿಥಿಲವಾಗಿ ಹೊಲಸು ಬಾವಿಗೆ ಜಿನುಗುತ್ತಿತ್ತು. ಆ ಮನೆಯಲ್ಲಿ ಕಾಯಿಲೆ ಬಿದ್ದ ಕೂಸಿನ ಬಟ್ಟೆ ಒಗೆದ ನೀರನ್ನು ಆ ಗುಂಡಿಗೇ ಸುರಿದಿದ್ದರು. ಅಲ್ಲಿಗೆ ಹೊಲಸು ತಂದಿದ್ದು ಬ್ರಾಮಾನ ಕಕ್ಕಸಲ್ಲ, ನಿಜ. ಆದರೆ ಮನೆಯ ಮೇಲ್ಗಡೆ ಏನೆಲ್ಲ ಹೊಸದು ಬಂದರೂ ಕೆಳಗಿನ ಗುಂಡಿಯನ್ನು ಯಾರೂ ಇಳಿದು ನೋಡಿರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಪಾರ್ಲಿಮೆಂಟಿನವರೇ ಮೂಗು ಮುಚ್ಚಿಕೊಳ್ಳುವಷ್ಟು ನಾತ ಹೊಡೆಯಿತು. ಆಮೇಲೆ ಜೋಸೆಫ್ ಬಜಾಲ್ಜೆಟ್ ಎಂಬ ಎಂಜಿನಿಯರ್ ದೊಡ್ಡ ಒಳಚರಂಡಿ ವ್ಯವಸ್ಥೆ ಕಟ್ಟಿದ.

ಇದನ್ನು ಬ್ರಾಮಾನ ತಪ್ಪು ಅಂತ ನಾವು ಹೇಳುತ್ತಿಲ್ಲ. ಕಾಲರಾ ನೀರಿನಿಂದ ಬರುತ್ತದೆ ಅಂತ ಅವನ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನ ಕಣ್ಣು ಬೋಗುಣಿಯ ತಳದವರೆಗೆ ಇಳಿಯಿತು, ಅಲ್ಲಿ ಒಳ್ಳೇ ಮುಚ್ಚಳ ಹಾಕಿತು. ಪೈಪಿನ ಇನ್ನೊಂದು ತುದಿ ನೋಡುವ ಕೆಲಸ ಮುಂದಿನವರಿಗೆ ಉಳಿಯಿತು.

ಆ ಕೆಲಸ ಇನ್ನೂ ಮುಗಿದಿಲ್ಲ. ಮಲ ಹೊರುವ ಪದ್ಧತಿ ನಿಲ್ಲಿಸಲು ನಮ್ಮ ದೇಶದಲ್ಲಿ 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ಆದರೂ ಸೆಪ್ಟಿಕ್ ಟ್ಯಾಂಕಿಗೆ, ಮ್ಯಾನ್‌ಹೋಲಿಗೆ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಮೇಲೆ ಹೊಳೆಯುವ ಕಮೋಡ್, ಸೆನ್ಸರ್ ಫ್ಲಶ್. ಕೆಳಗೆ ಅದೇ ಗುಂಡಿ, ಅದಕ್ಕೆ ಇಳಿಯುವುದು ಅದೇ ಮನುಷ್ಯ.

ನಮ್ಮಲ್ಲಿ ಸಿವಿಲ್‌ನವರಿದ್ದೇವೆ, ಮೆಕ್ಯಾನಿಕಲ್‌ನವರಿದ್ದೇವೆ, ಸೆನ್ಸರ್ ಕೋಡ್ ಬರೆಯುವವರೂ ಇದ್ದೇವೆ. ಪ್ಲಂಬಿಂಗ್ ಅಂದರೆ ನಮ್ಮ ಲೆವೆಲ್ಲಿನ ಕೆಲಸ ಅಲ್ಲ ಅಂತ ಒಳಗೊಳಗೇ ಅಂದುಕೊಳ್ಳುವವರೂ ಇದ್ದೇವೆ. ಮುಂದಿನ ಸಲ ಹಾಸ್ಟೆಲಿಗೆ ಪ್ಲಂಬರ್ ಅಣ್ಣ ಬಂದಾಗ ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತು ನೋಡೋಣ. ಟ್ರ್ಯಾಪ್ ಎಲ್ಲಿದೆ, ಜಾಯಿಂಟ್ ಯಾಕೆ ಸೋರುತ್ತಿದೆ, ಪೈಪು ಆಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಕೇಳೋಣ. ಅವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಪೈಪಿನ ಜೊತೆ ನಾವೇ ಕೊನೇ ತುದಿಯವರೆಗೆ ನಡೆದು ನೋಡಿ ಬರೋಣ.